ಸೀಟಿ ಹೊಡೆಯದ ಕಾರು

ಕಾರು ಕೆಟ್ಟು ನಿಂತಿದ್ದು ನಂದಿಬೆಟ್ಟದ ದಾರಿಯ ಮೂರನೇ ತಿರುವಿನಲ್ಲಿ. ಯಾವುದಾದರೂ ಮೂಲೆಯಲ್ಲಿ, ಯಾರೂ ಇಲ್ಲದಾಗ ಕೆಟ್ಟಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಹಿಂದಿನ ದಿನವಷ್ಟೇ ಧಾರೆಯಾದ ಗಂಡುಹೆಣ್ಣು ಕೂತಿದ್ದರು, ಫೋಟೊ ತೆಗೆಸಿಕೊಳ್ಳಲು ಬೆಟ್ಟಕ್ಕೆ ಹೊರಟಿದ್ದರು. ಕಾರು ಒಮ್ಮೆ ಗೊರಗೊರ ಎಂದಿತು, ಹಿಂದಿನಿಂದ ಕರೀ ಹೊಗೆ ಕಕ್ಕಿತು, ಇನ್ನು ನನ್ನ ಕೈಲಾಗದು ಎನ್ನುವಂತೆ ನಿಂತೇಬಿಟ್ಟಿತು. ರೇಷ್ಮೆ ಪಂಚೆ ಎತ್ತಿ ಕಟ್ಟಿ ಮದುಮಗನೇ ಇಳಿದು ತಳ್ಳಿದ. ದೊಡ್ಡಬಳ್ಳಾಪುರಕ್ಕೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಮಗ್ಗದ ಬೀದಿಯಲ್ಲೆಲ್ಲ ರಾಜೇಂದ್ರನ ಫಾರಿನ್ ಕಾರಿಗೆ ‘ತಳ್ಳೋ ಕಾರು’ ಎಂಬ ಹೆಸರು ಬಿದ್ದಿತ್ತು.

ಅದು ತೊಂಬತ್ತೈದನೇ ಇಸವಿ, ಆಯುಧಪೂಜೆ ಕಳೆದು ಐದು ದಿನ. ಕಾರು ಮನೆಗೆ ಬಂದು ಒಂದು ವರ್ಷವಾಗಿತ್ತು. ಬೆಂಗಳೂರಿನ ಯಾವುದೋ ಕಾರ್ಖಾನೆಗೆ ಬಂದಿದ್ದ ಬಿಳಿ ಎಂಜಿನಿಯರು ತನ್ನ ದೇಶಕ್ಕೆ ಹೋಗುವಾಗ ಮಾರಿಹೋದ, ಹದಿನಾಲ್ಕು ವರ್ಷ ಓಡಿದ ಡೀಸೆಲ್ ಕಾರು. ಕೆನೆ ಬಣ್ಣ, ಸ್ಟೇರಿಂಗ್ ಎಡಗಡೆ, ಡಿಕ್ಕಿಯ ಮೇಲೆ ‘ಟರ್ಬೊ’ ಎಂದು ಬೆಳ್ಳಿ ಬಣ್ಣದ ಅಕ್ಷರ. ರಾಜೇಂದ್ರ ಅದನ್ನು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಈ ಕಾರಿಗಾಗಿ ಮನೆಯ ನಾಲ್ಕು ಪವರ್‌ಲೂಮ್‌ಗಳಲ್ಲಿ ಎರಡನ್ನು ಮಾರಿದ್ದ, ಆ ಎರಡು ಮಗ್ಗಗಳ ಜಾಗದಲ್ಲೇ ಷೆಡ್ಡಿನ ಗೋಡೆ ಒಡೆದು ಕಾರು ನಿಲ್ಲಿಸಿದ್ದ. ಮಗ್ಗ ಕೂರಿಸಿದ್ದ ಬೋಲ್ಟಿನ ತೂತುಗಳು ಕಾರಿನ ಚಕ್ರಗಳ ನಡುವೆ ಇನ್ನೂ ಹಾಗೇ ಇದ್ದವು. ಅವನ ಹೆಂಡತಿ ಮುನಿರತ್ನಮ್ಮ ಕಸ ಗುಡಿಸುವಾಗಲೆಲ್ಲ ಆ ತೂತುಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದಳು.

ರಾಜೇಂದ್ರ ಕೆಟ್ಟವನಲ್ಲ. ಹದಿಮೂರನೇ ವಯಸ್ಸಿಗೆ ಮಗ್ಗಕ್ಕೆ ಬಿದ್ದವನು, ನಲವತ್ತೈದಕ್ಕೆ ಎರಡೂ ಕಿವಿ ಅರ್ಧಕ್ಕರ್ಧ ಹೋಗಿದ್ದವು. ‘ಈ ಟಕಾಟಕ್ ಸಾಕಾಗಿದೆ ನನಗೆ’ ಎಂದು ಬಾಯಿಬಿಟ್ಟು ಹೇಳಿದ್ದ. ಮುನಿರತ್ನಮ್ಮ ಮದುವೆಯಾಗಿ ಬಂದ ಮೂರನೇ ದಿನವೇ ಅತ್ತೆ ಅಮ್ಮಯಮ್ಮ ಅವಳ ಕೈಗೆ ಒಂದು ಉಂಡೆ ಹತ್ತಿ ಕೊಟ್ಟು, ‘ಕಿವಿಗೆ ತುರುಕ್ಕೊಂಡು ಮಗ್ಗಕ್ಕೆ ಹೋಗು ತಾಯಿ, ನಾಳೆ ನಾನು ಬೈದಿದ್ದಾದ್ರೂ ನಿನಗೆ ಕೇಳಿಸ್ಲಿ’ ಎಂದಿದ್ದಳು. ಮಗನಿಗೂ ಕೊಡುತ್ತಲೇ ಬಂದಿದ್ದಳು. ಜೊತೆಯ ಗಂಡಸರು ನಗುತ್ತಾರೆಂದು ಅವನು ಒಂದು ದಿನವೂ ತುರುಕಿಕೊಂಡವನಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ನೆಲಮಂಗಲಕ್ಕೆ ಎಳೆಸಿದರು. ಅಲ್ಲಿ ಹೆದ್ದಾರಿ ಪಕ್ಕ ಲಾರಿ ರಿಪೇರಿ ಮಾಡುವ ವೆಂಕಟರಾಯಪ್ಪನೆಂಬ ಮೇಸ್ತ್ರಿ ಒಂದು ಪೈಪನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ಕಿತ್ತು, ಒಳಗೆ ಕಡ್ಡಿ ಹಾಕಿ ತಿವಿದು, ಎಂಟೇ ನಿಮಿಷದಲ್ಲಿ ತೀರ್ಪು ಕೊಟ್ಟ. ಕಾರು ಅದೇ ಹಗ್ಗಕ್ಕೆ ಜೋತುಬಿದ್ದು ಮನೆಗೆ ವಾಪಸು ಬಂತು.

“ಟರ್ಬೊ ಜಾಮಂತೆ. ಬೇರೇದೇ ಹಾಕ್ಬೇಕಂತೆ. ಬೊಂಬಾಯಿಂದ ತರಿಸ್ಬೇಕಂತೆ,” ಎಂದ ರಾಜೇಂದ್ರ ಊಟಕ್ಕೆ ಕೂತು. ಮುದ್ದೆ ಮುರಿಯಲಿಲ್ಲ. ಬೆರಳಲ್ಲಿ ಸಾರನ್ನು ಕಲಕುತ್ತಾ ಕೂತ.

“ಎಷ್ಟಂತೆ?” ಎಂದಳು ಅಮ್ಮಯಮ್ಮ.

ಅವನು ಹೇಳಿದ. ಮಗಳು ಅನಿತ, ಕಾಲೇಜಿನ ಎರಡನೇ ವರ್ಷದವಳು, ಲೋಟ ಕೆಳಗಿಟ್ಟಳು. “ಅಪ್ಪಾ, ಅದರಲ್ಲಿ ಎರಡು ಮಗ್ಗ ಬರ್ತವೆ!”

“ಅದೇ ಮತ್ತೆ. ಇರೋ ಎರಡನ್ನೂ ಕೊಟ್ಬಿಡೋಣ ಅಂತ. ಅಪ್ಪಯ್ಯಣ್ಣನ ಹತ್ರ ಮಾತಾಡ್ಕೊಂಡೇ ಬಂದೆ. ಅಡ್ವಾನ್ಸೂ ಕೊಟ್ಟ.”

ಹಳೇ ಮಗ್ಗ ಕೊಂಡು ಮಾರುವ ದಲ್ಲಾಳಿ ಅಪ್ಪಯ್ಯಣ್ಣ. ಅವನ ಹೆಸರು ಕೇಳಿದ್ದೇ ಮುನಿರತ್ನಮ್ಮನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಠಣ್ ಎಂದು ಬಿತ್ತು. ಆ ಎರಡು ಮಗ್ಗ ಓಡಿಸುತ್ತಿದ್ದವಳು ಅವಳು. ಮನೆಗೆ ಅಕ್ಕಿ, ರಾಗಿ, ಅನಿತಳ ಬಸ್ ಪಾಸು, ಅತ್ತೆಯ ಕಣ್ಣಿನ ಔಷಧಿ, ಎಲ್ಲ ಆ ಎರಡರಿಂದಲೇ.

“ನನ್ನನ್ನ ಕೇಳಿದ್ರಾ?”

“ಏನು?” ಎಂದ ರಾಜೇಂದ್ರ, ಕಿವಿ ಮುಂದೆ ಮಾಡಿ.

“ನನ್ನನ್ನ ಕೇಳಿದ್ರಾ ಅಂತ!” ಬೀದಿಗೆಲ್ಲ ಕೇಳಿಸಿತು. “ಎರಡು ಮಗ್ಗ ತಿಂದ ಕಾರು ಇನ್ನೂ ಎರಡು ತಿನ್ನುತ್ತಾ? ಆಮೇಲೆ ಏನು ಹಾಕ್ತೀರಿ ಅದರ ಬಾಯಿಗೆ, ನನ್ನನ್ನಾ?”

“ಕಾರು ಓಡಿದ್ರೆ ಒಂದೇ ಸೀಸನ್ನಿಗೆ ಎಲ್ಲ ವಾಪಸ್ ಬರುತ್ತೆ ಕಣೇ. ನಿಂತಿದ್ರೆ ಅದು ಬರೀ ತಗಡು.”

“ಹಾಗಾದ್ರೆ ಓಡಿಸೋಣ. ನಾನೇ ಬಿಚ್ಚಿ ನೋಡ್ತೀನಿ.”

ಕಿವಿ ಮಂದವಾದರೂ ಈ ಮಾತು ಮಾತ್ರ ಅವನಿಗೆ ಸರಿಯಾಗಿ ಕೇಳಿಸಿತು. ನಕ್ಕುಬಿಟ್ಟ. ನಗಬಾರದಿತ್ತು. ಮುನಿರತ್ನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು.

“ನಗ್ರಿ. ಮಗ್ಗದ ಗೇರು, ಷಾಫ್ಟು, ಮೋಟ್ರು ಇಪ್ಪತ್ತು ವರ್ಷದಿಂದ ಯಾರು ರಿಪೇರಿ ಮಾಡ್ತಿರೋದು ಈ ಮನೇಲಿ? ಕಾರಿಗೇನು ಕೊಂಬು ಬಂದಿದೆಯಾ? ಇನ್ನೊಂದು ಮಾತು ಕೇಳ್ಕೊಳ್ಳಿ. ಹೋದ ತಿಂಗಳವರೆಗೂ ಚೆನ್ನಾಗಿ ಸೀಟಿ ಹೊಡ್ಕೊಂಡು ಹೋಗ್ತಿದ್ದ ಗಾಡಿ ತಾನಾಗೇ ಕೆಡಲ್ಲ. ಯಾರೋ ಕೆಡ್ಸಿದ್ದಾರೆ. ಯಾರಂತ ಕಂಡುಹಿಡೀತೀನಿ. ಅವರು ಒಂದು ತಿಂಗಳು ಬೀದಿ ಕೊಳಾಯಿಂದ ಈ ಮನೆಗೆ ನೀರು ಹೊರಬೇಕು. ನೀವೇ ಆಗಿರ್ಲಿ, ಆ ಮೇಸ್ತ್ರಿನೇ ಆಗಿರ್ಲಿ.”

ಮೂರು ದಿನಕ್ಕೊಮ್ಮೆ ಬರುವ ನೀರು, ಒಂದು ಸರದಿಗೆ ಹದಿನೆಂಟು ಕೊಡ. ಅಪ್ಪ ಮಗಳು ಸೇರಿ ಹೊರುತ್ತಿದ್ದರು. ಅನಿತ ಖುಷಿಯಿಂದ, “ನಾನು ಸಾಕ್ಷಿ!” ಎಂದಳು.

ಅಮ್ಮಯಮ್ಮ ಮಗನ ಕಡೆ ತಿರುಗಿದಳು. “ಲೋ ರಾಜೇಂದ್ರ, ಮಗ್ಗದ ಮೇಲೆ ಹಾಸು ಇದೆಯಲ್ಲೋ. ನಡುಮಧ್ಯ ಕತ್ತರಿಸಿ ಕೊಡ್ತೀಯಾ? ನಿಮ್ಮಪ್ಪನ ಕಾಲದಿಂದ ಯಾರೂ ಈ ಮನೇಲಿ ಏರಿಸಿದ ಹಾಸನ್ನ ಕತ್ತರಿಸಿಲ್ಲ.”

ಮಗ್ಗಕ್ಕೆ ಏರಿಸಿದ ಉದ್ದನೂಲಿನ ಹಾಸು ನೇಯ್ದು ಮುಗಿಯುವವರೆಗೆ ಅದನ್ನು ಯಾವ ನೇಕಾರನೂ ಕತ್ತರಿಸುವುದಿಲ್ಲ. ಎರಡು ಮಗ್ಗದ ಮೇಲೂ ಇನ್ನೂ ಮೂರು ವಾರದ ಹಾಸಿತ್ತು. ಅಪ್ಪಯ್ಯಣ್ಣ ಅಲ್ಲಿಯವರೆಗೆ ಕಾಯಲು ಒಪ್ಪಿದ. ಮುನಿರತ್ನಮ್ಮನ ಗಡುವು ಅಲ್ಲಿಗೆ ಗೊತ್ತಾಯಿತು: ಹಾಸು ಮುಗಿಯುವುದರೊಳಗೆ ಕಾರು ಓಡಬೇಕು, ಇಲ್ಲವೆಂದರೆ ಮಗ್ಗ ಹೋಗುತ್ತದೆ.

“ಸ್ವಲ್ಪ ನಿಧಾನಕ್ಕೆ ನೇಯಿ, ಆಯ್ತು. ಅವನಿಗೇನು ಗೊತ್ತಾಗುತ್ತೆ?” ಎಂದಳು ಅತ್ತೆ ಮೆಲ್ಲಗೆ, ಪಾತ್ರೆ ತೊಳೆಯುವಾಗ.

“ನನ್ನ ಕೈಗೆ ಕಳ್ಳತನ ಬರಲ್ಲತ್ತೆ,” ಎಂದಳು ಸೊಸೆ.

ಆಗ ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟು ತೆಗೆಯುತ್ತಿದ್ದರು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚುತ್ತಿದ್ದವು. ಬೇರೆಯವರು ಮಲಗುವ ಹೊತ್ತಿನಲ್ಲಿ ಮುನಿರತ್ನಮ್ಮ ಕಾರಿನ ಬಾನೆಟ್ ಎತ್ತಿದಳು.

ಮೊದಲನೇ ದಿನ ಬರೀ ನೋಡಿದಳು. ಎಂಜಿನ್ ಸ್ಟಾರ್ಟ್ ಮಾಡಿಸಿ, ಕಿವಿಯ ಹತ್ತಿ ತೆಗೆದು ಕೇಳಿದಳು. ನಿಂತಲ್ಲೇ ಓಡುವಾಗ ಎಂಜಿನ್ ಸದ್ದು ಸಲೀಸಾಗಿತ್ತು, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಮೋಟಾರೂ ಬೆಲ್ಟೂ ಚೆನ್ನಾಗಿದ್ದು ಲಾಳಿ ಮಾತ್ರ ಹೋಗದಿದ್ದರೆ ಮಗ್ಗಕ್ಕೆ ಹೀಗೇ ಆಗುತ್ತದೆ ಎಂದುಕೊಂಡಳು. ಆಕ್ಸಿಲರೇಟರ್ ಒತ್ತಿದರೆ ಮೊದಲು ಬರುತ್ತಿದ್ದ ‘ಸುಂಯ್’ ಎಂಬ ಸೀಟಿ ಇಲ್ಲ. ಬದಲಿಗೆ ಕರೀ ಹೊಗೆ.

“ಈ ಟರ್ಬೊ ಅಂದ್ರೆ ಏನ್ರೀ? ಬಿಡ್ಸಿ ಹೇಳಿ,” ಎಂದು ಗಂಡನನ್ನು ಹಿಡಿದುಕೊಂಡಳು.

“ಎಂಜಿನ್ ಬಿಡೋ ಹೊಗೆಯಿಂದಲೇ ಒಂದು ಗಾಲಿ ತಿರುಗುತ್ತೆ. ಅದೇ ಷಾಫ್ಟಿನ ಆ ಕಡೆ ಇನ್ನೊಂದು ಗಾಲಿ. ಅದು ಹೊರಗಿನ ಗಾಳಿನ ಒತ್ತಿ ಒಳಗೆ ತುಂಬುತ್ತೆ. ಹೆಚ್ಚು ಗಾಳಿ, ಹೆಚ್ಚು ಶಕ್ತಿ.”

“ತಿದಿ ಅನ್ನಿ. ಕುಲುಮೆ ತಿದಿ.”

“ಹಾಗೇ ಅನ್ಕೋ. ಆದ್ರೆ ನಿನಗ್ಯಾಕೆ ಇದೆಲ್ಲ…”

“ಒಲೆಗೆ ಗಾಳಿ ಸಾಲದಿದ್ರೆ ಏನಾಗುತ್ತೆ? ಹೊಗೆ! ಇಲ್ಲೂ ಅಷ್ಟೇ. ಡೀಸೆಲ್ ಬರ್ತಿದೆ, ಗಾಳಿ ಬರ್ತಿಲ್ಲ.”

ರಾಜೇಂದ್ರನಿಗೂ ಅದು ಹೊಳೆದಿರಲಿಲ್ಲ. ಕಿವಿ ಸರಿಯಿದ್ದಿದ್ದರೆ ಸೀಟಿ ನಿಂತ ದಿನವೇ ಗೊತ್ತಾಗುತ್ತಿತ್ತೇನೋ. ಆ ನೋವನ್ನು ಅವನು ಯಾರಿಗೂ ಹೇಳಲಿಲ್ಲ, ಷರಟು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಹೋದ.

ಆಕ್ಸಿಲರೇಟರ್ ಒತ್ತುವವರು ಯಾರು? ಅನಿತ ಕಾಲೇಜಿನಲ್ಲಿ, ಗಂಡ ಬೀದಿಯಲ್ಲಿ. ಮನೆಯಲ್ಲಿ ಉಳಿದವಳು ಎಪ್ಪತ್ತು ವರ್ಷದ ಅಮ್ಮಯಮ್ಮ.

“ನಾನಾ?” ಎಂದು ಮುದುಕಿ ಎದೆಯ ಮೇಲೆ ಕೈಯಿಟ್ಟಳು. “ಓಡ್ಬಿಟ್ರೆ ಏನೇ ಗತಿ?”

“ಚಕ್ರಕ್ಕೆ ಕಲ್ಲಿಟ್ಟಿದ್ದೀನಿ. ಬಲಗಾಲಲ್ಲಿ ಮೆತ್ತಗೆ ಒತ್ತಿ, ಕೈಮಗ್ಗ ತುಳಿದಂಗೆ. ನಾನು ಕೈ ಎತ್ತಿದ್ರೆ ಬಿಡಿ.”

ಮುದುಕಿ ಚಪ್ಪಲಿ ಬಿಟ್ಟು, ಕಾರಿಗೆ ಒಮ್ಮೆ ಕೈಮುಗಿದು, ಎಡಗಡೆ ಸ್ಟೇರಿಂಗಿನ ಹಿಂದೆ ಹತ್ತಿ ಕೂತಳು. ಒತ್ತಿದಳು. ಎಂಜಿನ್ ಗುಡುಗಿತು. “ಅಯ್ಯಯ್ಯೋ!” ಎಂದಳು, ಆದರೆ ಕಾಲು ತೆಗೆಯಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಮರುದಿನದಿಂದ ಎರಡು ಗಂಟೆಗೆ ಮುಂಚೆಯೇ ಅವಳು ಎಲೆಅಡಿಕೆ ಚೀಲದ ಸಮೇತ ಕಾರಿನಲ್ಲಿ ಕೂತಿರುತ್ತಿದ್ದಳು.

ಬೀದಿಯವರಿಗೆ ಒಳ್ಳೇ ತಮಾಷೆ ಸಿಕ್ಕಿತು. ಎದುರು ಮನೆಯ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, “ಏನು ಅಮ್ಮಯಕ್ಕಾ, ಅತ್ತೆಸೊಸೆ ಯಾವೂರಿಗೆ ಹೊರಟ್ರಿ?” ಎಂದು ಕೇಳಿದಳು.

“ನಿಮ್ಮತ್ತೆ ಮನೆಗೇ! ಬರ್ತೀಯಾ, ಹಿಂದೆ ಜಾಗ ಇದೆ,” ಎಂದಳು ಮುದುಕಿ ಕಿಟಕಿಯಿಂದ.

ಮೊದಲ ವಾರದಲ್ಲಿ ಮುನಿರತ್ನಮ್ಮ ಒಂದೊಂದನ್ನೇ ಬದಿಗಿಟ್ಟಳು. ಗಾಳಿಯ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದಳು, ಚೊಕ್ಕಟವಾಗಿತ್ತು. ಡೀಸೆಲ್ ಫಿಲ್ಟರಿನಿಂದ ಲೋಟಕ್ಕೆ ಸುರಿದು ನೋಡಿದಳು, ನೀರಿರಲಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದಳು, ಹೊಗೆ ತಡೆಯಿಲ್ಲದೆ ಬರುತ್ತಿತ್ತು. ಹಾಗಾದರೆ ಫಿಲ್ಟರಿನಿಂದ ಎಂಜಿನ್ನಿನವರೆಗೆ ಗಾಳಿ ಹೋಗುವ ದಾರಿಯಲ್ಲೇ ಎಲ್ಲೋ ತೊಂದರೆ. ಆ ದಾರಿ ಎಂಜಿನ್ನಿನ ಕೆಳಗೆ ನುಸುಳಿ ಟರ್ಬೊ ಮೂತಿಗೆ ಸೇರುತ್ತಿತ್ತು. ಅಲ್ಲಿನ ಮೂರು ಬೋಲ್ಟುಗಳು ತುಕ್ಕು ತಿಂದು ಕಚ್ಚಿಕೊಂಡಿದ್ದವು. ವೆಂಕಟರಾಯಪ್ಪ ಯಾಕೆ ಆ ಕಡೆ ಬಿಚ್ಚಲಿಲ್ಲವೆಂದು ಆಗ ಅವಳಿಗೆ ಅರ್ಥವಾಯಿತು. ಸುಲಭವಾದ ಕಡೆ ಬಿಚ್ಚಿ, ಗಾಲಿ ತಿರುಗದ್ದನ್ನು ನೋಡಿ, ಕೈ ಒರೆಸಿಕೊಂಡಿದ್ದ.

“ಸೋಂಬೇರಿ ನನ್ಮಗ! ಅವನೇ ನೀರು ಹೊರ್ತಾನೆ ನೋಡ್ತಿರಿ!” ಎಂದು ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟಳು. ಒಂದು ದಿನ ಬಿಟ್ಟಳು, ಎರಡು ದಿನ ಬಿಟ್ಟಳು. ಮಂಡಿ ತರಚಿತು, ಹೆಬ್ಬೆರಳಿನ ಉಗುರು ಕಪ್ಪಾಯಿತು. ಮಗ್ಗದ ಮೇಲೆ ಹಾಸಿನ ದಿಂಡು ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಬೆಳಿಗ್ಗೆ ಅಪ್ಪಯ್ಯಣ್ಣ ಸೈಕಲ್ ನಿಲ್ಲಿಸಿ, ಕಿಟಕಿಯಿಂದ ದಿಂಡಿನ ಗಾತ್ರ ನೋಡಿಕೊಂಡು ಹೋಗುತ್ತಿದ್ದ.

“ಇನ್ನೆಷ್ಟು ಸೀರೆ ಇದೆ ತಂಗ್ಯವ್ವಾ?”

“ನಿನಗೆ ಹೊದಿಸೋ ಅಷ್ಟಿದೆ, ಹೋಗಣ್ಣ!”

ಎರಡನೇ ವಾರದ ಕೊನೆಗೆ, ಒಂದು ಶನಿವಾರ, ಮೂರನೇ ಬೋಲ್ಟು ಕಿರ್ರೆಂದು ಬಿಟ್ಟುಕೊಂಡಿತು. ಅಮ್ಮಯಮ್ಮ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮುನಿರತ್ನಮ್ಮ ಪೈಪು ಸರಿಸಿ, ಟರ್ಬೊ ಬಾಯಿಯೊಳಗೆ ಬೆರಳು ಹಾಕಿದಳು. ಬೆರಳಿಗೆ ತಗುಲಿದ್ದು ಕಬ್ಬಿಣವಲ್ಲ. ಅದೇನೆಂದು ಬೆರಳಿಗೆ ಕಣ್ಣಿಗಿಂತ ಮೊದಲೇ ಗೊತ್ತಾಯಿತು. ಅಂಥದ್ದನ್ನು ಅದು ದಿನಕ್ಕೆ ಸಾವಿರ ಸಲ ಮುಟ್ಟುತ್ತಿತ್ತು.

ನೂಲು.

ಕೊಕ್ಕೆ ತಂದು ಒಂದು ಎಳೆ ಹೊರಗೆಳೆದಳು. ಎಣ್ಣೆ ಹತ್ತಿ ಕಪ್ಪಾಗಿತ್ತು. ಸೆರಗಿನಲ್ಲಿ ಉಜ್ಜಿದಳು. ನವಿಲುಗತ್ತಿನ ಬಣ್ಣ.

ಮುನಿರತ್ನಮ್ಮ ಅಲ್ಲೇ ನೆಲದ ಮೇಲೆ ಕೂತಳು. ಆಯುಧಪೂಜೆಯ ವಾರ ಇಡೀ ಬೀದಿಯಲ್ಲಿ ನವಿಲುಗತ್ತಿನ ಬಣ್ಣ ಓಡುತ್ತಿದ್ದದ್ದು ಒಂದೇ ಮಗ್ಗದಲ್ಲಿ. ಅವಳದ್ದು.

ಎಲ್ಲ ನೆನಪಾಯಿತು. ಪೂಜೆಯ ಹಿಂದಿನ ದಿನ ಮಗ್ಗಗಳನ್ನು ತೊಳೆಯುವಾಗ ಮೋಟಾರಿನ ಒಳಗೆ ನೀರು ಹೋಗದಿರಲೆಂದು ಅದರ ತೂತುಗಳಿಗೆಲ್ಲ ವೇಸ್ಟ್ ನೂಲಿನ ಉಂಡೆ ತುರುಕುವುದು ಮಗ್ಗದ ಮನೆಗಳ ಪದ್ಧತಿ. ತೊಳೆದು ಒಣಗಿದ ಮೇಲೆ ತೆಗೆಯುತ್ತಾರೆ. ಅದೇ ಕೈಯಲ್ಲಿ ಅವಳು ಕಾರಿಗೂ ನೀರು ಹೊಯ್ದಿದ್ದಳು. ರಾಜೇಂದ್ರ ಫಿಲ್ಟರ್ ಬಿಚ್ಚಿ ಬಿಸಿಲಿಗೆ ಇಟ್ಟಿದ್ದ, ಪೈಪಿನ ಬಾಯಿ ಬಿಟ್ಟುಕೊಂಡಿತ್ತು. ನೀರು ಹೋದೀತೆಂದು ಒಂದು ಉಂಡೆ ತುರುಕಿದವಳು ಅವಳೇ. ಅಷ್ಟರಲ್ಲಿ ಒಳಗೆ ಹೋಳಿಗೆಯ ಹೂರಣ ತಳ ಹಿಡಿಯುವ ವಾಸನೆ ಬಂದು ಓಡಿದ್ದಳು. ಮೋಟಾರುಗಳ ನೂಲು ತೆಗೆದಳು, ಕಾರಿನದು ಮರೆತಳು. ಅವನು ನೋಡದೆ ಫಿಲ್ಟರ್ ಮುಚ್ಚಿದ. ಬೆಟ್ಟ ಹತ್ತುವಾಗ ಎಂಜಿನ್ ಜೋರಾಗಿ ಉಸಿರೆಳೆದು ಆ ಉಂಡೆಯನ್ನು ಟರ್ಬೊ ಗಾಲಿಗೆ ಸುತ್ತಿಕೊಂಡುಬಿಟ್ಟಿತು.

ಎರಡು ವಾರದಿಂದ ಗಂಡನನ್ನು ಬೈದದ್ದು, ಮೇಸ್ತ್ರಿಯ ಜನ್ಮ ಜಾಲಾಡಿದ್ದು, ನೀರು ಹೊರಿಸುತ್ತೇನೆಂದು ಆರ್ಭಟಿಸಿದ್ದು, ಒಂದೊಂದೂ ಬಂದು ಮುಖಕ್ಕೆ ಹೊಡೆಯಿತು. ನಾಚಿಕೆಯಿಂದ ಕಿವಿ ಬಿಸಿಯಾದವು. ಒಲೆ ಹತ್ತಿರವೇ ಇತ್ತು, ಯಾರೂ ನೋಡಿರಲಿಲ್ಲ. ಒಂದು ಹಿಡಿ ನೂಲು ಸುಟ್ಟು ಬೂದಿಯಾಗಲು ಎಷ್ಟು ಹೊತ್ತು?

ಅವಳು ಒಲೆಯ ಕಡೆ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, “ಥೂ!” ಎಂದು ತನಗೆ ತಾನೇ ಅಂದುಕೊಂಡು, ಕೆಲಸಕ್ಕೆ ಬಾಗಿದಳು.

ಷಾಫ್ಟಿಗೆ ಸುತ್ತಿದ ನೂಲು ಬಿಡಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಸುತ್ತಿದ ದಿಕ್ಕು ನೋಡಿ, ಬ್ಲೇಡಿನ ತುದಿಯಿಂದ ಅಡ್ಡ ಕತ್ತರಿಸಿ, ಕೊಕ್ಕೆಯಲ್ಲಿ ಎಳೆ ಎಳೆಯಾಗಿ ತೆಗೆದಳು. ಗಾಲಿಯ ತೆಳು ರೆಕ್ಕೆಗಳಿಗೆ ಕಬ್ಬಿಣ ತಾಗದಂತೆ ಬೆರಳು ಅಡ್ಡ ಹಿಡಿದಳು. ಎರಡು ಮಧ್ಯಾಹ್ನ ಹಿಡಿಯಿತು. ಕೊನೆಯ ಎಳೆ ಬಂದ ಮೇಲೆ ಗಾಲಿಯನ್ನು ಕಿರುಬೆರಳಿನಲ್ಲಿ ತಟ್ಟಿದಳು. ಅದು ರಾಟೆಯ ಕದಿರಿನ ಹಾಗೆ ಸುರ್ರನೆ ತಿರುಗಿತು. ಷಾಫ್ಟ್ ಹಿಡಿದು ಅತ್ತಿತ್ತ ಅಲುಗಿಸಿದಳು, ಸಡಿಲವಿರಲಿಲ್ಲ. ರೆಕ್ಕೆ ಒಂದೂ ಬಾಗಿರಲಿಲ್ಲ.

ಅವತ್ತು ರಾತ್ರಿಯ ಊಟಕ್ಕೆ ಹೊಸ ಅವರೆಕಾಯಿಯ ಹಿತಕಬೇಳೆ ಸಾರು. ಎಲ್ಲರಿಗೂ ಬಡಿಸಿದಳು. ತನ್ನ ತಟ್ಟೆಗೆ ಮುದ್ದೆ ಹಾಕಿಕೊಳ್ಳಲಿಲ್ಲ. ಆ ಕರೀ ನೂಲಿನ ಗಂಟನ್ನು ತಂದು ಖಾಲಿ ತಟ್ಟೆಯಲ್ಲಿ ಇಟ್ಟಳು.

“ಇದೇನಮ್ಮಾ, ಇಲಿನಾ?” ಎಂದು ಅನಿತ ಹಿಂದೆ ಸರಿದಳು.

“ಟರ್ಬೊ ಒಳಗಿತ್ತು. ನವಿಲುಗತ್ತಿನ ನೂಲು. ಪೂಜೆ ದಿನ ನಾನೇ ತುರುಕಿ ಮರೆತಿದ್ದೆ. ಕಾರು ಕೆಡ್ಸಿದ್ದು ನಾನು.”

ರಾಜೇಂದ್ರ ನೂಲನ್ನು ನೋಡಿದ, ಹೆಂಡತಿಯನ್ನು ನೋಡಿದ. ನಿಧಾನವಾಗಿ ಅವನ ಮುಖ ಕೆಂಪಾಯಿತು.

“ನೀನಾ? ನನ್ನನ್ನ ಬೀದಿ ನಾಯಿಗೆ ಬೈದಂಗೆ ಬೈದ್ಯಲ್ಲೇ! ಮದುಮಗನ ಕೈಲಿ ಕಾರು ತಳ್ಳಿಸ್ದೆ, ನಾಲ್ಕು ಜನದ ಮುಂದೆ ತಲೆ ಎತ್ತದಂಗಾಯ್ತು ನನಗೆ!”

“ಬೈದೆ. ತಪ್ಪಾಯ್ತು. ನೀವೂ ಬೈರಿ, ಕೇಳಿಸ್ಕೊಳ್ತೀನಿ.” ಅವಳು ತಲೆ ತಗ್ಗಿಸಲಿಲ್ಲ. “ನಾಳೆ ನೀರು ಬರೋ ದಿನ. ಹದಿನೆಂಟು ಕೊಡನೂ ನಾನೇ ಹೊರ್ತೀನಿ, ಒಂದು ತಿಂಗಳು. ಆದ್ರೆ ಕೆಡ್ಸಿದವಳು ನಾನು ಅಂತ ಮಗ್ಗ ಬಿಟ್ಕೊಡ್ತೀನಿ ಅಂದ್ಕೋಬೇಡಿ. ಕೆಡ್ಸಿದವಳೇ ಸರಿ ಮಾಡಿದ್ದೀನಿ.”

“ಫಿಲ್ಟರ್ ಮುಚ್ಚೋವಾಗ ಪೈಪಿನೊಳಗೆ ನೋಡದವನು ಯಾರೋ?” ಎಂದಳು ಅಮ್ಮಯಮ್ಮ, ಅವರೆಬೇಳೆ ಅಗಿಯುತ್ತಾ.

“ಅವ್ವಾ, ನೀನು ಸುಮ್ನಿರು!”

“ನಾನ್ಯಾಕೆ ಸುಮ್ನಿರ್ಲಿ? ಹದಿನೈದು ದಿನದಿಂದ ಡ್ರೈವರ್ ಕೆಲಸ ಮಾಡಿದ್ದೀನಿ, ಸಂಬಳ ಇಲ್ದೆ.”

ಅನಿತ ಕಿಸಕ್ಕೆಂದಳು. ರಾಜೇಂದ್ರ ನಗಲಿಲ್ಲ. ಎದ್ದು ಕೈ ತೊಳೆದು ಹೋದ. ಅಂದಿನಿಂದ ಹೆಂಡತಿಯೊಡನೆ ಮಾತು ಬಿಟ್ಟ. ಅವಳು ಕಂಕುಳಲ್ಲಿ ಒಂದು, ತಲೆಯ ಮೇಲೊಂದು ಕೊಡ ಇಟ್ಟುಕೊಂಡು ಬೀದಿಯ ನಡುವೆ ನಡೆದಳು. ಮುನಿಲಕ್ಷ್ಮಮ್ಮ ಯಾಕೆಂದು ಕೇಳಿದಾಗ ಮುಚ್ಚಿಡದೆ ಹೇಳಿದಳು. ಕೇಳಿದವರು ನಗುವುದನ್ನೇ ಮರೆತರು.

ಆದರೆ ಕೆಲಸ ಪೂರ್ತಿ ಮುಗಿದಿರಲಿಲ್ಲ. ಪೈಪು ಜೋಡಿಸಿ ಸ್ಟಾರ್ಟ್ ಮಾಡಿದರೆ ಸೀಟಿ ಬಂತು, ನಿಜ. ಆದರೆ ಅರ್ಧಂಬರ್ಧ, ಜೊತೆಗೆ ‘ಬುಸ್’ ಎಂಬ ಸದ್ದು. ಒತ್ತಿದ ಗಾಳಿ ಎಲ್ಲೋ ಸೋರುತ್ತಿತ್ತು. ಎಲ್ಲಿ? ಕೈಯಿಟ್ಟು ನೋಡೋಣವೆಂದರೆ ಎಂಜಿನ್ನಿನ ಫ್ಯಾನಿನ ಗಾಳಿ ಎಲ್ಲ ಕಡೆ ಬೀಸುತ್ತಿತ್ತು. ಹಾಸು ಇನ್ನು ಎರಡು ಸೀರೆಯಷ್ಟು ಉಳಿದಿತ್ತು.

ಭಾನುವಾರ ಅನಿತಳ ಕೈಗೆ ಮೊರ ಕೊಟ್ಟು ಫ್ಯಾನಿಗೆ ಅಡ್ಡ ಹಿಡಿಸಿದಳು. ಅಮ್ಮಯಮ್ಮ ಆಕ್ಸಿಲರೇಟರ್ ಒತ್ತಿದಳು. ಮುನಿರತ್ನಮ್ಮ ಸೀರೆಯನ್ನು ಕಚ್ಚೆಯಂತೆ ಬಿಗಿದು, ಒಂದೇ ಒಂದು ರೇಷ್ಮೆ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು, ಪೈಪಿನ ಉದ್ದಕ್ಕೂ ಅಂಗುಲ ಅಂಗುಲ ಸರಿಸಿದಳು. ಎಳೆ ನೆಟ್ಟಗೆ ಜೋತಾಡುತ್ತಿತ್ತು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕೊರಳಿಗೆ ಬಂದದ್ದೇ ಎಳೆ ಚಿಮ್ಮಿ ಅಡ್ಡಕ್ಕೆ ಹಾರಾಡಿತು.

“ಇಲ್ಲಿ! ಇಲ್ಲಿ ನೋಡ್ರೇ!”

ರಬ್ಬರು ಸೀಳಿತ್ತು. ವೆಂಕಟರಾಯಪ್ಪನ ಸ್ಕ್ರೂ ಡ್ರೈವರ್ ಮೀಟಿದ ಜಾಗ. ಬಾಗಿಲಿಗೆ ಒರಗಿ ನೋಡುತ್ತಿದ್ದ ರಾಜೇಂದ್ರ ಮೆಲ್ಲಗೆ ಹತ್ತಿರ ಬಂದ. ಬಾಗಿ ಆ ಹಾರುವ ಎಳೆಯನ್ನು ನೋಡಿದ. ಅವನಿಗೆ ಬುಸ್ ಎಂಬ ಸದ್ದು ಕೇಳಿಸಿರಲಿಲ್ಲ, ಎಳೆ ಮಾತ್ರ ಕಂಡಿತು. ಸುಮ್ಮನೆ ಒಳಗೆ ಹೋಗಿ ಹಳೇ ಸೈಕಲ್ ಟ್ಯೂಬು ತಂದುಕೊಟ್ಟ. ಮಾತಾಡದಿದ್ದರೂ ಕೊಟ್ಟ. ಅವಳು ಸೀಳಿನ ಮೇಲೆ ಟ್ಯೂಬು ಸುತ್ತಿ, ಅದರ ಮೇಲೆ ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲಿನ ಹಳೇ ಚರ್ಮದ ಪಟ್ಟಿ ಬಿಗಿದು, ನೈಲಾನ್ ದಾರದಲ್ಲಿ ಗಂಟು ಹಾಕಿದಳು.

ಗುರುವಾರ ಬೆಳಿಗ್ಗೆ ಹಾಸು ಮುಗಿಯಿತು. ಕೊನೆಯ ಸೀರೆ ಮಡಿಸುವಷ್ಟರಲ್ಲೇ ಅಪ್ಪಯ್ಯಣ್ಣ ಟೆಂಪೊ ತಂದ, ಜೊತೆಗೆ ಸ್ಪ್ಯಾನರ್ ಹಿಡಿದ ಇಬ್ಬರು ಆಳು.

“ಮಗ್ಗ ಕೊಡಲ್ಲ ಅಣ್ಣ. ಕಾರು ಸರಿಹೋಗಿದೆ,” ಎಂದಳು ಮುನಿರತ್ನಮ್ಮ ಬಾಗಿಲಿಗೆ ಅಡ್ಡ ನಿಂತು.

“ನಿನ್ನ ಗಂಡ ಅಡ್ವಾನ್ಸ್ ಇಸ್ಕೊಂಡವ್ನೆ ತಂಗ್ಯವ್ವಾ. ಷೆಡ್ಡಲ್ಲಿ ನಿಂತು ಗುರ್ ಅಂದ್ರೆ ಸರಿಹೋದಂಗಾ? ಬೆಟ್ಟ ಹತ್ಲಿ ನೋಡೋಣ.”

“ಹತ್ತುತ್ತೆ. ಬಾ, ಕೂತ್ಕೋ. ಮೂರನೇ ತಿರುವಲ್ಲಿ ನಿಂತ್ರೆ ಎರಡೂ ಮಗ್ಗ ನಾನೇ ಬಿಚ್ಚಿ ಟೆಂಪೊಗೆ ಏರಿಸ್ತೀನಿ. ನಿಲ್ಲದಿದ್ರೆ ನಿನ್ನ ಅಡ್ವಾನ್ಸ್ ತಗೊಂಡು ಈ ಬಾಗ್ಲಿಗೆ ಇನ್ನೊಂದ್ಸಲ ಬರಬೇಡ.”

ಅಪ್ಪಯ್ಯಣ್ಣ ರಾಜೇಂದ್ರನ ಮುಖ ನೋಡಿದ. ರಾಜೇಂದ್ರ ಹೆಂಡತಿಯ ಮುಖ ನೋಡಿದ. ಗೂಟದಲ್ಲಿ ನೇತುಹಾಕಿದ್ದ ಕಾರಿನ ಕೀಲಿ ತೆಗೆದುಕೊಂಡ.

ಹಿಂದಿನ ಸೀಟಿನಲ್ಲಿ ಅಮ್ಮಯಮ್ಮ, ಅನಿತ, ಅವರ ನಡುವೆ ಒತ್ತಿಕೊಂಡು ಅಪ್ಪಯ್ಯಣ್ಣ. ಮುಂದೆ ಗಂಡನ ಪಕ್ಕ ಮುನಿರತ್ನಮ್ಮ, ಕಿವಿಯ ಹತ್ತಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು. ಬೆಟ್ಟದ ಬುಡದಲ್ಲಿ ರಸ್ತೆ ಎದ್ದಿತು. ಮೊದಲ ತಿರುವು, ಎರಡನೇ ತಿರುವು. ರಾಜೇಂದ್ರನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

“ಮುನಿರತ್ನಾ, ಸೀಟಿ ಬರ್ತಿದೆಯಾ?” ಎಂದ. ಆ ರಾತ್ರಿಯ ನಂತರ ಅವಳೊಡನೆ ಆಡಿದ ಮೊದಲ ನೆಟ್ಟಗಿನ ಮಾತು. “ನನಗೆ ಕೇಳಿಸ್ತಿಲ್ಲ ಕಣೇ.”

ಅವಳು ಅವನ ಕಿವಿಯ ಕಡೆ ಬಾಗಿದಳು. ಗಟ್ಟಿಯಾಗಿ ಹೇಳಿದಳು. “ಬರ್ತಿದೆ. ಒತ್ರಿ!”

ಅವನು ಒತ್ತಿದ. ಸುಂಯ್ ಎಂದು ಸೀಟಿ ಏರಿತು, ಅದರ ಹಿಂದೆಯೇ ಕಾರು ಮುಂದಕ್ಕೆ ನುಗ್ಗಿತು. ಮೂರನೇ ತಿರುವು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. “ಇನ್ನೂ ಒತ್ತೋ, ಹೆದರ್ಕೋಬೇಡ, ನಾನು ಇದಕ್ಕಿಂತ ಜೋರಾಗಿ ಒತ್ತಿದ್ದೀನಿ!” ಎಂದು ಅಮ್ಮಯಮ್ಮ ಹಿಂದಿನಿಂದ ಕೂಗಿದಳು. ಅಪ್ಪಯ್ಯಣ್ಣ ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡವನು ತುದಿ ಮುಟ್ಟುವವರೆಗೆ ಬಿಡಲಿಲ್ಲ.

ವಾಪಸು ಬಂದು ನೋಡಿದರೆ ಷೆಡ್ಡಿನಲ್ಲಿ ಆಳುಗಳು ಕಾದು ಬೇಸತ್ತು ಕೆಲಸ ಶುರು ಮಾಡಿಬಿಟ್ಟಿದ್ದರು. ಮೊದಲನೇ ಮಗ್ಗದ ನಾಲ್ಕು ಬೋಲ್ಟು ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ಮುನಿರತ್ನಮ್ಮ ಸೀದಾ ಹೋಗಿ ಆಳಿನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು. ಕೂತು, ಒಂದೊಂದೇ ಬೋಲ್ಟನ್ನು ಅದರದರ ತೂತಿಗೆ ಹಾಕಿ, ಉಸಿರು ಬಿಗಿಹಿಡಿದು ತಿರುಗಿಸಿದಳು. ಯಾರೂ ಅಡ್ಡ ಬರಲಿಲ್ಲ. ರಾಜೇಂದ್ರ ಜೇಬಿನಿಂದ ಅಡ್ವಾನ್ಸ್ ಹಣ ತೆಗೆದು ಅಪ್ಪಯ್ಯಣ್ಣನ ಕೈಗಿಟ್ಟ.

“ಅಕ್ಕಾ, ಸ್ಪ್ಯಾನರ್ ನಮ್ದು,” ಎಂದ ಆಳು.

“ಇನ್ನೊಂದ್ಸಲ ನನ್ನ ಮಗ್ಗಕ್ಕೆ ಸ್ಪ್ಯಾನರ್ ಹಾಕೋಕೆ ಮುಂಚೆ ನನ್ನನ್ನ ಕೇಳ್ತೀನಿ ಅನ್ನು, ಕೊಡ್ತೀನಿ.”

“ಕೇಳ್ತೀನಿ ಅಕ್ಕಾ.”

ಅವಳು ಕೊಟ್ಟದ್ದು ಆಳಿಗಲ್ಲ. ಸ್ಪ್ಯಾನರನ್ನು ರಾಜೇಂದ್ರನ ಮುಂದೆ ಹಿಡಿದು ನಿಂತಳು. ಅವನಿಗೆ ಕೇಳಿಸಿತೋ ಇಲ್ಲವೋ, ಅರ್ಥವಾಯಿತು.

“ಕೇಳ್ತೀನಿ,” ಎಂದ.

ಐದು ಗಂಟೆಗೆ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಬಾಯಿ ತೆರೆದವು. ಮುನಿರತ್ನಮ್ಮ ಮರುದಿನವೇ ಹೊಸ ಹಾಸು ಏರಿಸಬೇಕೆಂದು ಮಗ್ಗವನ್ನು ಖಾಲಿ ಓಡಿಸಿ ನೋಡಲು ಸ್ವಿಚ್ಚಿನ ಹತ್ತಿರ ಹೋದಳು. ಸೆರಗಿನ ಗಂಟು ಬಿಚ್ಚಿ ಕಿವಿಗೆ ಹತ್ತಿ ಇಟ್ಟುಕೊಳ್ಳುವಾಗ ಯಾರೋ ಮೊಣಕೈ ಮುಟ್ಟಿದರು. ರಾಜೇಂದ್ರ ಅಂಗೈ ಚಾಚಿ ನಿಂತಿದ್ದ.

“ನನಗೂ ಒಂಚೂರು ಕೊಡು,” ಎಂದ. “ಉಳಿದಿರೋದಾದ್ರೂ ಉಳೀಲಿ.”

ಅವಳು ತನ್ನ ಹತ್ತಿಯಲ್ಲಿ ಅರ್ಧ ಹರಿದು ಅವನ ಕೈಗಿಟ್ಟು, ಸ್ವಿಚ್ ಹಾಕಿದಳು.